ಸಿನಿಮಾ ಮಧ್ಯೆ ಎದ್ದು ಬಂದ ಗಾಯಕಿ

(ಆಪ್ತಸಲಹೆಗೆ ನನ್ನ ಬಳಿ ಬಂದ ಗಾಯಕಿಯೊಬ್ಬಳ ಕಥೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಆಕೆಗೆ 23. ಒಂದು ಹಾಡು ಎಲ್ಲರ ಬಾಯಿಗೆ ಬಿದ್ದು ಎರಡು ವರ್ಷವಾಗಿತ್ತು. ಪಾಪ್ ತಾರೆಯೊಬ್ಬಳ ಕಥೆಯ ಸಿನಿಮಾಕ್ಕೆ ಹೋಗಿ ಅರ್ಧಕ್ಕೇ ಎದ್ದು ಬಂದಳಂತೆ. "ಜ್ವರ ಬಂದ ನಾಯಕಿಗೆ ಇಂಜೆಕ್ಷನ್ ಕೊಟ್ಟು ಸ್ಟೇಜಿಗೆ ಕಳಿಸ್ತಾರೆ ಮೇಡಂ. ಪಕ್ಕದವರು ಅಯ್ಯೋ ಪಾಪ ಅಂದ್ರು. ನನಗೆ ಅದು ಮಾಮೂಲಿ ಅನಿಸ್ತು. ಭಯ ಆಗಿದ್ದು ಅದಕ್ಕೇ."

ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದಳು. ಗಳಿಗೆಗೊಮ್ಮೆ ಎತ್ತಿ ಹೊಸ ಹಾಡನ್ನು ಎಷ್ಟು ಜನ ಕೇಳಿದರೆಂದು ನೋಡುವುದು, ಮತ್ತೆ ಬೋರಲು. ಗಂಟಲು ಒಡೆದಿತ್ತು. ಕಣ್ಣು ಮುಚ್ಚಿದರೆ ಕಿವಿಯಲ್ಲಿ ಕ್ಲಿಕ್ ಟ್ರ್ಯಾಕಿನ, ಅಂದರೆ ಹಾಡುವಾಗ ಲಯ ತಪ್ಪದಿರಲು ಇಯರ್‌ಫೋನಿನಲ್ಲಿ ಕೇಳಿಸುವ ಸದ್ದಿನ, ಟಿಕ್ ಟಿಕ್. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. "ಇಲ್ಲ. ಕಾಲು ಮುರಿದ್ರೆ ರಜೆ ಸಿಗತ್ತಲ್ಲಾ ಅನಿಸತ್ತೆ." ಇದನ್ನೂ ನಾನು ಹಗುರವಾಗಿ ಬಿಡುವುದಿಲ್ಲ. ಮನೋವೈದ್ಯರಿಗೆ ಅಂದೇ ಚೀಟಿ ಬರೆದೆ.

ಕೆದಕಿದಾಗ ಸಿಕ್ಕಿದ್ದು ಸಾಲದ ಭಯ. ಮ್ಯಾನೇಜರ್ ಆಕೆಯ ಸೋದರಮಾವನೇ. ಹಾಡು ನಿಲ್ಲಿಸಿದರೆ ಹಾಡಿನ ಕಂಪನಿ ತಾನು ಕೊಟ್ಟ ಮುಂಗಡಕ್ಕೆ ಮನೆ ಹರಾಜು ಹಾಕುತ್ತದೆ ಎಂದಿದ್ದ. ಆಕೆ ಒಪ್ಪಂದ ಓದಿರಲಿಲ್ಲ. ನಾನು ವಕೀಲೆಯಲ್ಲ, ಆದರೆ ಇಂಥ ಮುಂಗಡವನ್ನು ಸಾಮಾನ್ಯವಾಗಿ ರಾಯಲ್ಟಿಯಲ್ಲಿ, ಅಂದರೆ ಹಾಡಿನ ಗಳಿಕೆಯಲ್ಲಿ ಗಾಯಕರಿಗೆ ಬರುವ ಪಾಲಿನಲ್ಲಿ, ಮುರಿದುಕೊಳ್ಳುತ್ತಾರೆ, ಹಾಡು ಓಡದಿದ್ದರೆ ಕೈಯಿಂದ ಕಟ್ಟಿಸುವುದಿಲ್ಲ ಎಂಬಷ್ಟು ಗೊತ್ತಿತ್ತು. ಒಪ್ಪಿದ ಹಾಡನ್ನೇ ಕೊಡದಿದ್ದರೆ ಮಾತು ಬೇರೆ. ಹಾಗಾಗಿ, ಮಾವನ ವಕೀಲರಲ್ಲ, ನಿಮ್ಮದೇ ವಕೀಲರಿಗೆ ತೋರಿಸಿ ಎಂದೆ.

"ಬ್ರಿಟ್ನಿ ಸ್ಪಿಯರ್ಸ್ ಥರ ಆಗ್ಬಿಡ್ತೀನಾ?" ಎಂದಳು. ಆ ಅಮೆರಿಕನ್ ಪಾಪ್ ತಾರೆಯ ಹಣ, ಬದುಕು 2008ರಿಂದ 2021ರವರೆಗೆ ಕೋರ್ಟ್ ನೇಮಿಸಿದವರ ಕೈಯಲ್ಲಿತ್ತು. ಆ ನಡುವೆಯೇ ಆಲ್ಬಂ, ಪ್ರವಾಸ ಎಲ್ಲ ನಡೆದವು. "ನಿಮ್ಮ ಮೇಲೆ ಅಂಥ ಆದೇಶವಿಲ್ಲ. ಸಹಿ ಹಾಕೋದು ನೀವೇ," ಎಂದೆ. ಬಹಳ ಹೊತ್ತು ಸುಮ್ಮನಿದ್ದಳು.

ಉಳಿದ ಸಲಹೆ ಸಣ್ಣವು. ಗಂಟಲು ತಜ್ಞರು ಸ್ವರತಂತು ನೋಡುವವರೆಗೆ ಹಾಡಬೇಡಿ, ಪಿಸುಗುಟ್ಟಲೂ ಬೇಡಿ, ಅದೂ ದಣಿಸುತ್ತದೆ. ವಾದ್ಯದವರೊಬ್ಬರು ಕೊಟ್ಟ ನಡುಕ ತಗ್ಗಿಸುವ ಮಾತ್ರೆ, ಬೀಟಾ ಬ್ಲಾಕರ್, ವೈದ್ಯರನ್ನು ಕೇಳದೆ ನುಂಗಬೇಡಿ. ಆಕೆಗೆ ಚಿಕ್ಕಂದಿನಿಂದ ಆಸ್ತಮಾ, ಆ ಮಾತ್ರೆ ಅದನ್ನು ಕೆರಳಿಸಬಹುದು. ಕಾಮೆಂಟುಗಳನ್ನು ಗೆಳತಿ ಓದಲಿ.

ಒಪ್ಪಂದದಲ್ಲಿ ಮನೆಯ ಪ್ರಸ್ತಾಪವೇ ಇರಲಿಲ್ಲ. ಇನ್ನೂ ಮೂರು ಹಾಡು ಬಾಕಿಯಿದ್ದವು. ವಕೀಲರು ಆರು ತಿಂಗಳ ಗಡುವು ಕೇಳಿ ಪಡೆದರು. ನಾಲ್ಕನೇ ಭೇಟಿಗೆ ಮಾವನೂ ಬಂದ, ಮುಖ ಗಂಟಿಕ್ಕಿಕೊಂಡೇ. "ಮತ್ತೆ ಯಾವಾಗ ಹಾಡ್ತಾಳೆ ಮೇಡಂ?" ಎಂದು ನನ್ನನ್ನು ಕೇಳಿದ. ಪಕ್ಕದಲ್ಲೇ ಕೂತಿದ್ದಾರಲ್ಲ, ಅವರನ್ನೇ ಕೇಳಿ ಎಂದೆ.