ಕೇಳಿ, ಹೇಳ್ತೀನಿ: ವೆಬ್ ಡಿಸೈನ್ ಮಾಡಿ ಬದುಕುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ದುಡ್ಡಿನ ಗೋಳೇ ಜಾಸ್ತಿ. ಅದರಿಂದಲೇ ಶುರು ಮಾಡುತ್ತೇನೆ.

ಮೇಡಂ, ಪೀಣ್ಯದ ಒಂದು ವರ್ಕ್‌ಶಾಪ್‌ಗೆ 30 ಸಾವಿರಕ್ಕೆ ಮಾತಾಡಿ ವೆಬ್‌ಸೈಟ್ ಮಾಡಿಕೊಟ್ಟೆ. ಅಡ್ವಾನ್ಸ್ ಅಂತ 5 ಸಾವಿರ ಕೊಟ್ಟಿದ್ದರು. ಸೈಟ್ ಲೈವ್ ಆಗಿ ಮೂರು ತಿಂಗಳಾಯಿತು. ಬಾಕಿ ಕೇಳಿದರೆ ‘ಸೋಮವಾರ ನೋಡೋಣ’ ಅಂತಾರೆ. ಸೈಟನ್ನೇ ಆಫ್ ಮಾಡಿಬಿಡಲಾ?
– ದಾಸರಹಳ್ಳಿಯ ಓದುಗರು

ಬೇಡ. ಈಗ ಅವರು ದುಡ್ಡು ಕೊಡದವರು. ಆಫ್ ಮಾಡಿದ ಮೇಲೆ ನೀವು ಸೈಟ್ ಕೆಡಿಸಿದವರು. ಜಗಳದ ವಿಷಯವೇ ಬದಲಾಗಿಬಿಡುತ್ತೆ.

ನೀವು ಬಿಲ್ ಕೊಟ್ಟಿದ್ದೀರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ವಾಟ್ಸಾಪ್‌ನಲ್ಲಿ ‘ಸರ್, ಬ್ಯಾಲೆನ್ಸ್’ ಅಂತ ಹಾಕಿ ಕೈಮುಗಿಯುವ ಚಿತ್ರ ಕಳಿಸಿದರೆ ಅದು ಬಿಲ್ ಅಲ್ಲ. ಬಿಲ್ ನಂಬರ್, ತಾರೀಖು, ಏನು ಕೆಲಸ, ಬಂದ ಅಡ್ವಾನ್ಸ್, ಬಾಕಿ, ಬ್ಯಾಂಕ್ ಖಾತೆ, ಯಾವ ದಿನದೊಳಗೆ ಕೊಡಬೇಕು, ಇಷ್ಟೂ ಇರಲಿ. ಇಮೇಲ್ ಮಾಡಿ, ಒಂದು ಪ್ರತಿ ಪ್ರಿಂಟ್ ತೆಗೆದು ಕೈಗೂ ಕೊಡಿ. ಅದೂ ಓನರ್ ಕೈಗಲ್ಲ, ಅಲ್ಲಿ ಲೆಕ್ಕ ಬರೆಯುವವರ ಕೈಗೆ. ನನ್ನ ಗ್ರಾಹಕರಲ್ಲೂ ಪೀಣ್ಯದವರು ಸುಮಾರು ಜನ ಇದ್ದಾರೆ. ಓನರ್ ಪಾಪ ಮಷೀನ್ ಮುಂದೆ ನಿಂತು ‘ಆಯ್ತಮ್ಮ, ಆಯ್ತಮ್ಮ’ ಅಂತಾರೆ. ಅಕೌಂಟೆಂಟ್ ಟೇಬಲ್ ಮೇಲೆ ಕಾಗದವೇ ಇಲ್ಲದಿದ್ದರೆ ಚೆಕ್ ಎಲ್ಲಿಂದ ಬರಬೇಕು?

ಮುಂದಿನ ಕೆಲಸಕ್ಕೆ ಮೊದಲು ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ನೀವೇ ಮಾಡಬಹುದು. ಒಂದು ಪೈಸೆ ಫೀಸ್ ಇಲ್ಲ. ಸಾವಿರ, ಎರಡು ಸಾವಿರ ಕೇಳುವ ಸೈಟ್‌ಗಳು ಸರ್ಕಾರದ್ದಲ್ಲ. ಉದ್ಯಮ್ ನೋಂದಣಿಯಿಂದ ನೀವು ಸೂಕ್ಷ್ಮ ಉದ್ಯಮದ ಲೆಕ್ಕಕ್ಕೆ ಬರುತ್ತೀರಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ, ಬರಹದಲ್ಲಿ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಗ್ರಾಹಕರು ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟ್‌ನ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಕೊಡದಿದ್ದರೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು. ಆದರೆ ಈ ಹಳೇ ಬಾಕಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ನೋಂದಣಿ ಮೊದಲು, ಕೆಲಸ ಆಮೇಲೆ ಇರಬೇಕು.

ನಿಜ ಹೇಳಬೇಕೆಂದರೆ ದೂರಿನವರೆಗೆ ಹೋಗುವುದೇ ಅಪರೂಪ. ಬಿಲ್ಲಿನಲ್ಲಿ ಉದ್ಯಮ್ ನಂಬರ್ ಇದ್ದರೆ ಇನ್ನೊಂದು ಲಾಭ ಇದೆ. ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಈ ಗಡುವಿನೊಳಗೆ ಕೊಡದ ದುಡ್ಡನ್ನು, ಕೊಡುವ ತನಕ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ. ಮಾರ್ಚ್ ಹತ್ತಿರ ಬಂದರೆ ಅವರ ಆಡಿಟರೇ ಓನರ್ ಬೆನ್ನು ಹತ್ತುತ್ತಾರೆ.

ಇನ್ನು 30 ಸಾವಿರಕ್ಕೆ 5 ಸಾವಿರ ಅಡ್ವಾನ್ಸ್! ನಾನು ಅರ್ಧ ಕೈಗೆ ಬರದೆ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಡಿಸೈನ್ ಒಪ್ಪಿದ ದಿನ ಇನ್ನೊಂದಿಷ್ಟು, ಲೈವ್ ಮಾಡುವ ಮುಂಚೆ ಪೂರ್ತಿ. ಅಲ್ಲಿಯವರೆಗೆ ಸೈಟ್ ನನ್ನ ಟೆಸ್ಟ್ ಲಿಂಕ್‌ನಲ್ಲೇ ಇರುತ್ತೆ. ಎಷ್ಟು ಪೇಜು, ಎಷ್ಟು ಸಲ ತಿದ್ದುಪಡಿ, ಫೋಟೊ ಯಾರು ಕೊಡಬೇಕು, ಇವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ. ಫೋಟೊ ವಿಷಯ ಮರೀಬೇಡಿ. ನಮ್ಮ ಕೆಲಸ ನಿಲ್ಲುವುದೇ ಅಲ್ಲಿ.

ಗಾಂಧಿಬಜಾರಿನ ಒಂದು ಅಂಗಡಿಗೆ ಕನ್ನಡ ಸೈಟ್ ಮಾಡುತ್ತಿದ್ದೇನೆ. ಅವರು ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿ ಕೊಟ್ಟ ಬರಹವನ್ನು ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಹೆಡಿಂಗ್‌ಗಳಲ್ಲಿ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತಿದೆ.
– ಹನುಮಂತನಗರದ ಓದುಗರು

ಇದು ನನಗೆ ಇಷ್ಟದ ಪ್ರಶ್ನೆ. ‘ನುಡಿ’, ‘ಬರಹ’ ಸಾಫ್ಟ್‌ವೇರ್‌ಗಳ ಹಳೇ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷೇ ಹೊರಗೆ ಬರುತ್ತೆ. ಯೂನಿಕೋಡ್‌ಗೆ (ಎಲ್ಲ ಫೋನ್, ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಬದಲಿಸುವ ಪರಿವರ್ತಕಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಕಣ್ಣಾರೆ ಓದಿ. ಅರ್ಕಾವತ್ತು ಇರುವ ಪದಗಳಲ್ಲಿ ಎಡವಟ್ಟು ಆಗುವುದುಂಟು. ಅಂಗಡಿಯವರಿಗೆ ಮುಂದಿನ ಸಲ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ ಅಂತ ಹೇಳಿಬಿಡಿ. ಈಗಿನ ನುಡಿಯಲ್ಲೂ ಅದಕ್ಕೆ ಅವಕಾಶ ಇದೆ.

ಒತ್ತಕ್ಷರ ಕತ್ತರಿಸಿ ಹೋಗುವುದು ಲೈನ್ ಹೈಟ್ (ಸಾಲಿನ ಎತ್ತರ) ದೆಸೆಯಿಂದ. ಇಂಗ್ಲಿಷ್ ಟೆಂಪ್ಲೇಟ್‌ನಲ್ಲಿ ಹೆಡಿಂಗ್‌ಗೆ 1.1 ಅಥವಾ 1.2 ಇಟ್ಟಿರುತ್ತಾರೆ. ನಮ್ಮ ಅಕ್ಷರಕ್ಕೆ ಕೆಳಗೂ ಜಾಗ ಬೇಕು. ನಾನು ಹೆಡಿಂಗ್‌ಗೆ 1.5, ಓದುವ ಬರಹಕ್ಕೆ 1.7ರ ಆಸುಪಾಸು ಇಡುತ್ತೇನೆ. ಆ ಹೆಡಿಂಗ್ ಮೇಲೆ ಓವರ್‌ಫ್ಲೋ ಹಿಡನ್ (ಹೊರಗೆ ಚಾಚಿದ್ದನ್ನು ಮರೆಮಾಡುವ ಸೆಟ್ಟಿಂಗ್) ಇದ್ದರೆ ತೆಗೆಯಿರಿ. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಜಾಗ) ಸೊನ್ನೆ ಮಾಡಿ. ಇಟಾಲಿಕ್ ಬೇಡವೇ ಬೇಡ. ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಅದು ಇರಲ್ಲ, ಬ್ರೌಸರ್ ಸುಮ್ನೆ ಅಕ್ಷರವನ್ನು ವಾಲಿಸಿಬಿಡುತ್ತೆ. ಪೇಜಿನ ಭಾಷೆ ಹೇಳುವ ಲ್ಯಾಂಗ್ (lang) ಗುರುತನ್ನು ‘ಕೆಎನ್’ (kn) ಮಾಡಿದರೆ, ಪೇಜ್ ಓದಿ ಹೇಳುವ ಸಾಫ್ಟ್‌ವೇರ್‌ಗೆ ಇದು ಕನ್ನಡ ಅಂತ ಗೊತ್ತಾಗುತ್ತೆ.

ಗೂಗಲ್ ಫಾಂಟ್ಸ್‌ನಲ್ಲಿ ಓದುವ ಬರಹಕ್ಕೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ನೋಡಿ. ಅಂಗಡಿ ಬೋರ್ಡಿನ ಗತ್ತು ಬೇಕಿದ್ದರೆ ಹೆಡಿಂಗ್‌ಗೆ ‘ಬಾಲೂ ತಮ್ಮ 2’. ಎಲ್ಲ ದಪ್ಪಗಳನ್ನೂ ಲೋಡ್ ಮಾಡಬೇಡಿ, ಎರಡು ಸಾಕು. ‘ರಾಷ್ಟ್ರೀಯ’, ‘ಸ್ತ್ರೀ’, ‘ಕಾರ್ಯಕ್ರಮ’ ಈ ಮೂರನ್ನು ದೊಡ್ಡದಾಗಿ ಬರೆದು ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲಿ ನೋಡಿ. ಅಲ್ಲಿ ಸರಿ ಬಂದರೆ ಅಂಗಡಿಯವರಿಗೆ ತೋರಿಸಬಹುದು.

ನಾನು ಬಿಕಾಂ ಕೊನೇ ವರ್ಷ. ವೆಬ್ ಡಿಸೈನ್ ಕಲಿಸಲು ಒಂದು ಇನ್‌ಸ್ಟಿಟ್ಯೂಟ್‌ನವರು 60 ಸಾವಿರ ಕೇಳುತ್ತಿದ್ದಾರೆ. ಸೇರಲಾ ಮೇಡಂ?
– ನಾಗರಬಾವಿಯ ವಿದ್ಯಾರ್ಥಿನಿ

ಸದ್ಯಕ್ಕೆ ಬೇಡಮ್ಮ. ವೆಬ್ ಕೆಲಸ ಕಲಿಸುವ ಸೈಟ್‌ಗಳಿವೆ: ಮೊಜಿಲ್ಲಾದವರ ಎಂಡಿಎನ್ ಪುಕ್ಕಟೆ ಇದೆ, ಫ್ರೀಕೋಡ್‌ಕ್ಯಾಂಪ್ ಕೂಡ ಪುಕ್ಕಟೆ. ಮೊದಲು ಎಚ್‌ಟಿಎಂಎಲ್ (ಪೇಜಿನ ರಚನೆ) ಮತ್ತು ಸಿಎಸ್‌ಎಸ್ (ಅದರ ಅಂದ), ಆಮೇಲೆ ಜಾವಾಸ್ಕ್ರಿಪ್ಟ್ (ಪೇಜ್ ಒತ್ತಿದಾಗ ಕೆಲಸ ಮಾಡಿಸುವ ಭಾಷೆ). ಇಂಗ್ಲಿಷ್ ಕಷ್ಟ ಅನ್ನಿಸಿದರೆ ಯೂಟ್ಯೂಬ್‌ನಲ್ಲಿ ಕನ್ನಡದ ಪಾಠಗಳಿವೆ. ಅಲ್ಲಿ ತಿಳಿದುಕೊಂಡು ಎಂಡಿಎನ್‌ಗೆ ವಾಪಸ್ ಬನ್ನಿ.

ಒಂದು ಹೋಂವರ್ಕ್ ಕೊಡುತ್ತೇನೆ. ನಿಮ್ಮ ಬೀದಿಯ ದರ್ಶಿನಿಯ ತಿಂಡಿ ಪಟ್ಟಿಯ ಫೋಟೊ ತೆಗೆಯಿರಿ. ಅದನ್ನೇ ಒಂದು ಪೇಜ್ ಮಾಡಿ. ಫೋನಿನ ಪರದೆಯಂಥ 360 ಪಿಕ್ಸೆಲ್ ಅಗಲದಲ್ಲಿ ‘ಓಪನ್ ಬಟರ್ ಮಸಾಲೆ’ ಎರಡು ಸಾಲಾದರೂ ಅದರ ರೇಟು ಬಲಗಡೆ ನೆಟ್ಟಗೆ ನಿಲ್ಲಬೇಕು. ಅಕ್ಷರ ಮತ್ತು ಹಿನ್ನೆಲೆ ಬಣ್ಣದ ಕಾಂಟ್ರಾಸ್ಟ್ 4.5:1ಕ್ಕಿಂತ ಕಮ್ಮಿ ಇರಬಾರದು. ಇಷ್ಟು ನೀವೇ ಮಾಡಿ, ಆಮೇಲೂ ಕೋರ್ಸ್ ಬೇಕು ಅನ್ನಿಸಿದರೆ ಬರೆಯಿರಿ.

ವರ್ಷಕ್ಕೆ 7 ಲಕ್ಷದಷ್ಟು ಕೆಲಸ ಮಾಡುತ್ತೇನೆ. ಒಬ್ಬ ಗ್ರಾಹಕರು ಜಿಎಸ್‌ಟಿ ಬಿಲ್ಲೇ ಬೇಕು ಅಂತಾರೆ.
– ವಿಜಯನಗರದ ಓದುಗರು

ಕರ್ನಾಟಕದಲ್ಲಿ ಸೇವೆಗೆ ಮಿತಿ ವರ್ಷಕ್ಕೆ 20 ಲಕ್ಷ. ಅದರೊಳಗೆ ಇದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಲೂಬಾರದು. ಅದನ್ನೇ ಅವರಿಗೆ ಹೇಳಿ. ಒಬ್ಬರಿಗೋಸ್ಕರ ನೋಂದಣಿ ಮಾಡಿಸಿದರೆ ಉಳಿದವರ ಬಿಲ್ಲಿಗೂ 18% ಸೇರುತ್ತೆ, ರಿಟರ್ನ್ಸ್ ಹಾಕುವ ಕೆಲಸ ಬೇರೆ. ಹೊರದೇಶದ ಗ್ರಾಹಕರಿಂದ ಬಂದದ್ದೂ ಆ 20 ಲಕ್ಷದ ಲೆಕ್ಕಕ್ಕೆ ಬರುತ್ತೆ, ನೆನಪಿರಲಿ.

ಡೊಮೇನ್ (ಸೈಟಿನ ಹೆಸರು) ಮತ್ತು ಹೋಸ್ಟಿಂಗ್ (ಸೈಟ್ ಇಡುವ ಜಾಗ) ನನ್ನ ಹೆಸರಲ್ಲೇ ಇಟ್ಟುಕೊಂಡರೆ ಗ್ರಾಹಕರು ಕೈ ತಪ್ಪಲ್ಲ ಅಂತ ಸ್ನೇಹಿತರು ಹೇಳುತ್ತಾರೆ. ಸರೀನಾ?
– ಯಲಹಂಕದ ಓದುಗರು

ಸರಿಯಲ್ಲ. ಅಂಗಡಿ ಅವರದು, ಅದರ ಹೆಸರೂ ಅವರದೇ ಅಲ್ವಾ? ಅವರ ಇಮೇಲ್, ಅವರ ಕಾರ್ಡ್ ಹಾಕಿಸಿ ಎರಡನ್ನೂ ಖರೀದಿಸಿ. ನಿಮ್ಮ ಹಿಡಿತ ಇರಬೇಕಾದ್ದು ಕೋಡ್ ಮೇಲೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬರಹದಲ್ಲಿ ಬಿಟ್ಟುಕೊಡದ ಹೊರತು ಫ್ರೀಲಾನ್ಸರ್ ಬರೆದ ಕೋಡ್‌ನ ಹಕ್ಕು ಬರೆದವರದೇ. ಹಾಗಾಗಿ ಒಪ್ಪಂದದಲ್ಲಿ ‘ಪೂರ್ತಿ ಹಣ ಬಂದ ದಿನ ಕೋಡ್‌ನ ಹಕ್ಕು ಗ್ರಾಹಕರಿಗೆ ಶಾಶ್ವತವಾಗಿ’ ಅಂತ ಒಂದು ಸಾಲು ಸೇರಿಸಿ. ‘ಶಾಶ್ವತವಾಗಿ’ ಬಿಟ್ಟರೆ, ಎಷ್ಟು ವರ್ಷ ಅಂತ ಬರೆಯದ ಹಕ್ಕು ಐದೇ ವರ್ಷಕ್ಕೆ ಅಂತ ಕಾಯ್ದೆ ಲೆಕ್ಕ ಹಾಕುತ್ತೆ. ಡೊಮೇನ್ ರಿನ್ಯೂ ಮಾಡುವ ಮೆಸೇಜೂ ಅವರ ಫೋನಿಗೇ ಹೋಗಲಿ. ರಾತ್ರಿ ಹನ್ನೊಂದಕ್ಕೆ ‘ಸೈಟ್ ಓಪನ್ ಆಗ್ತಿಲ್ಲ’ ಅಂತ ಬರುವ ಫೋನ್ ಒಂದಾದರೂ ತಪ್ಪುತ್ತೆ.