ರೈಲ್ವೆ ಗೇಟ್ ಹತ್ರ 'ಎಂಜಿನ್ ಆಫ್ ಮಾಡಿ' ಅಂತ ಬೋರ್ಡ್ ಹಾಕಿದ್ರೆ ನಮ್ಮ ಶಿವಮೊಗ್ಗದಲ್ಲಿ ಯಾರಾದ್ರೂ ಕೇಳ್ತಾರಾ?

ಕೇಳ್ತಾರೆ, ಆದ್ರೆ ಬೋರ್ಡಲ್ಲಿ ಏನ್ ಬರ್ದಿದೀರ ಅನ್ನೋದೇ ಮುಖ್ಯ. ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಕೆಂಟ್ ಯೂನಿವರ್ಸಿಟಿ ಸೈಕಾಲಜಿಯವರು ರೈಲ್ವೆ ಗೇಟ್ ಹತ್ರಾನೇ ಇದನ್ನ ಟೆಸ್ಟ್ ಮಾಡಿದಾರೆ. ಯಾರೋ ನಿಮ್ಮನ್ನ ನೋಡ್ತಿದಾರೆ ಅನ್ನೋ ಹಾಗೆ ಕಣ್ಣಿನ ಚಿತ್ರ ಹಾಕಿದ್ದಕ್ಕಿಂತ 'ನಿಮ್ಮ ಬಗ್ಗೆ ಯೋಚಿಸಿ, ಗೇಟ್ ಹಾಕಿದಾಗ ಎಂಜಿನ್ ಆಫ್ ಮಾಡಿ' ಅಂತ ಬರ್ದಿದ್ದು ಜಾಸ್ತಿ ಕೆಲ್ಸ ಮಾಡ್ತು, ಆಮೇಲೆ ಇನ್ನೊಂದ್ ಸಲ 'ಊರಿನ ಜವಾಬ್ದಾರಿಯುತ ಡ್ರೈವರ್‌ಗಳ ಜೊತೆ ನೀವೂ ಸೇರಿ' ಅನ್ನೋ ತರ ಹಾಕಿದಾಗ್ಲೂ ಆಫ್ ಮಾಡೋರು ಹೆಚ್ಚಾದ್ರು. ಬೈದು ಹೇಳೋದ್ಕಿಂತ ನಾಲ್ಕು ಜನ ಮಾಡ್ತಿದಾರೆ ಅಂದ್ರೆ ನಮ್ಮೋರಿಗೂ ನಾಟುತ್ತೆ. ಗೇಟ್ ಬಿದ್ದಾಗ ನೋಡಿ, ಮುಂದಿನ ಆಟೋದವ್ರು ಆಫ್ ಮಾಡಿದ್ರೆ ಹಿಂದಿನ ಬೈಕ್‌ಗಳೂ ಒಂದೊಂದಾಗಿ ಆಫ್ ಆಗುತ್ವೆ (ಪೆಟ್ರೋಲ್ ರೇಟೂ ಸ್ವಲ್ಪ ಸಹಾಯ ಮಾಡುತ್ತೆ ಬಿಡಿ).

ಮಳೆಗಾಲದಲ್ಲಿ ಮಾತ್ರ ಕಷ್ಟ. ಮಲ್ನಾಡ್ ಮಳೇಲಿ ಗ್ಲಾಸೆಲ್ಲ ಮಂಜು ಕಟ್ಟುತ್ತೆ ಅಂತ ಕಾರಿನವ್ರು ಎಸಿ ಹಾಕ್ಕೊಂಡು ಎಂಜಿನ್ ಓಡಿಸ್ತಾನೇ ಇರ್ತಾರೆ, ಅಲ್ಲಿ ಯಾವ್ ಬೋರ್ಡೂ ನಡೆಯಲ್ಲ. ಬೋರ್ಡ್ ಹಾಕೋದಾದ್ರೆ ಕ್ಯೂ ನಿಲ್ಲೋ ಜಾಗದಲ್ಲೇ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕ್ಸಿ.