ಓದುಗರ ಪ್ರಶ್ನೆ: ಕಂಪನಿಗಳಲ್ಲಿ ತರಬೇತಿ ಕೊಡಲು ಯಾವ ಓದು?

ಪ್ರಶ್ನೆ: ಎಂ.ಕಾಂ. ಓದಿ ಸಹಕಾರಿ ಬ್ಯಾಂಕೊಂದರಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ. ಹೊಸ ಸಾಫ್ಟ್‌ವೇರ್ ಬಂದಾಗಲೆಲ್ಲ ಉಳಿದವರಿಗೆ ಹೇಳಿಕೊಡುವುದು ನನ್ನ ಪಾಲಿಗೇ ಬರುತ್ತದೆ. ತರಬೇತಿ ಕೊಡುವುದನ್ನೇ ವೃತ್ತಿ ಮಾಡಿಕೊಳ್ಳುವ ಆಸೆ. ಕೆಲಸ ಬಿಡದೆ ಓದಬಹುದಾದ ವಿಶ್ವವಿದ್ಯಾಲಯದ ಕೋರ್ಸ್ ಯಾವುದು? ಬಿ.ಇಡಿ. ಬೇಕೆ?
– ಓದುಗರು, ಬದಿಯಡ್ಕ, ಕಾಸರಗೋಡು

ಉತ್ತರ: ಬಿ.ಇಡಿ. ಬೇಡ. ಅದು ಶಾಲೆಯಲ್ಲಿ ಪಾಠ ಮಾಡುವವರ ಪದವಿ. ನಿಮ್ಮೆದುರು ಕೂರುವವರು ವರ್ಷಗಟ್ಟಲೆ ಕೌಂಟರ್ ನೋಡಿಕೊಂಡವರು. ತಮ್ಮ ದಿನದ ಕೆಲಸಕ್ಕೆ ತಾಳೆಯಾಗದ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಓದಬಹುದಾದ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಮಾನವ ಸಂಪನ್ಮೂಲ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಕನಿಷ್ಠ 1 ವರ್ಷ, ವಯಸ್ಕರ ಶಿಕ್ಷಣದ ಎಂ.ಎ.ಗೆ 2 ವರ್ಷ ಬೇಕು. ಡಿಪ್ಲೊಮಾದಲ್ಲಿ ತರಬೇತಿ ಒಂದು ಭಾಗ ಮಾತ್ರ. ಕಂಪನಿಯ ಎಚ್.ಆರ್. ವಿಭಾಗಕ್ಕೆ ಸೇರುವುದಾದರೆ ಅದು ಸಾಕು. ಹೊರಗಿನಿಂದ ಹೋಗಿ ಕಲಿಸುವುದಾದರೆ ಎಂ.ಎ. ಹೆಚ್ಚು ಉಪಯೋಗ. ಅದರಲ್ಲಿ ಸಾಕ್ಷರತೆಗೆ ಸೇರಿದ ಪಾಠಗಳೂ ಇವೆ, ಬೇಸರಪಡಬೇಡಿ. ದೊಡ್ಡವರು ಹೇಗೆ ಕಲಿಯುತ್ತಾರೆಂಬ ತಿಳಿವಳಿಕೆ ಅಲ್ಲಿಂದಲೇ ಬರಬೇಕು.

ಬೇರೆ ವಿಶ್ವವಿದ್ಯಾಲಯವಾದರೆ ಆ ವರ್ಷ, ಆ ಕೋರ್ಸಿಗೇ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ದೂರಶಿಕ್ಷಣ ಬ್ಯೂರೊದ ಮಾನ್ಯತೆ ಇದೆಯೇ ನೋಡಿ ಹಣ ಕಟ್ಟಿ. ಸಮಯದ ಲೆಕ್ಕವನ್ನೂ ಮೊದಲೇ ಹಾಕಿ: ಓದಿನ ಅಳತೆಯಾದ ಒಂದು ಕ್ರೆಡಿಟ್ಟಿಗೆ 30 ಗಂಟೆ, 4 ಕ್ರೆಡಿಟ್ಟಿನ ಒಂದು ಪೇಪರಿಗೆ 120 ಗಂಟೆ. ದಿನಕ್ಕೆ ಒಂದೂವರೆ ಗಂಟೆ ಓದಿದರೂ 80 ದಿನ. ಪರೀಕ್ಷೆಯ ಹಿಂದಿನ ತಿಂಗಳು ಪುಸ್ತಕ ಬಿಚ್ಚುವವರು ಅಸೈನ್‌ಮೆಂಟಿನಲ್ಲೇ ಸಿಕ್ಕಿಬೀಳುತ್ತಾರೆ.

ಪಠ್ಯಕ್ರಮದಲ್ಲಿ ನೀವೇ ಒಂದು ತರಬೇತಿ ರೂಪಿಸಿ, ನಡೆಸಿ, ಫಲ ಅಳೆಯುವ ಪ್ರಾಜೆಕ್ಟ್ ಇದೆಯೇ ಹುಡುಕಿ. ಇಲ್ಲದಿದ್ದರೆ ಬ್ಯಾಂಕಿನಲ್ಲೇ ಮಾಡಿ. ಸಾಲದ ನಮೂದಿನಲ್ಲಿ ಒಂದು ತಿಂಗಳು ಆದ ತಪ್ಪುಗಳನ್ನು, ಯಾವ ಪರದೆಯಲ್ಲಿ ಆದವೆಂಬುದರ ಸಮೇತ, ಬರೆದಿಡಿ. ಅರ್ಜಿ ನಮೂನೆಯೇ ಅಸ್ಪಷ್ಟವಾಗಿದ್ದರೆ ಬದಲಾಗಬೇಕಾದದ್ದು ನಮೂನೆ. ತರಬೇತಿಯಿಂದ ಅದು ಸರಿಹೋಗದು. ಗೊತ್ತಿಲ್ಲದೆ ಆದ ತಪ್ಪಾದರೆ 15 ನಿಮಿಷ ತೋರಿಸಿ, ಉಳಿದ ಮುಕ್ಕಾಲು ಗಂಟೆ ಅಣಕು ಖಾತೆಗಳಲ್ಲಿ ಅವರ ಕೈಯಿಂದಲೇ ಮಾಡಿಸಿ. ಇಡೀ ಗಂಟೆ ಸ್ಲೈಡ್ ಓದಿದರೆ ತಲೆಯಾಡಿಸುತ್ತಾರೆ, ಮರುದಿನ ಅದೇ ತಪ್ಪು.

ಟಿಪ್ಪಣಿ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಆದರೆ ಬಟನ್ನಿನ ಹೆಸರನ್ನು ಅನುವಾದಿಸಬೇಡಿ. ಪರದೆಯ ಮೇಲಿರುವಂತೆಯೇ ಬರೆಯಿರಿ, ಇಲ್ಲವಾದರೆ ಅವರು ಹುಡುಕುವುದು ಎಲ್ಲಿ?

ತರಬೇತಿಯ ಫಲ ಅಳೆಯಲು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಹಂತ ಇಂದಿಗೂ ಬಳಕೆಯಲ್ಲಿವೆ: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಸಂಸ್ಥೆಗೆ ಫಲ ಸಿಕ್ಕಿತೇ. ಅಭಿಪ್ರಾಯದ ಚೀಟಿ ತುಂಬಿಸಿದರೆ ಮೊದಲ ಹಂತವಷ್ಟೇ ಆಯಿತು. 30 ದಿನ ಬಿಟ್ಟು ಅದೇ ಪರದೆಯ ತಪ್ಪುಗಳನ್ನು ಮತ್ತೆ ಎಣಿಸಿ. ಆ ಎರಡು ಎಣಿಕೆ, ನಡುವೆ ನೀವು ಕೊಟ್ಟ ತರಬೇತಿಯ ವಿವರ, ಎರಡು ಪುಟದಲ್ಲಿ ಬರೆದು ಬ್ಯಾಂಕಿನ ಒಪ್ಪಿಗೆ ಪಡೆದು, ತರಬೇತಿಯ ಕೆಲಸಕ್ಕೆ ಹಾಕುವ ಅರ್ಜಿಯ ಜೊತೆ ಲಗತ್ತಿಸಿ.